ಇವತ್ತು ಬಾಗಿಲಿದೆ

ನದಿಯ ಮೇಲಿನ ದಿಬ್ಬದಲ್ಲಿ ಒಂದು ಊರಿತ್ತು. ಆ ಊರಿನ ಮನೆಗಳಿಗೆ ಕಿಟಕಿ ಇರಲಿಲ್ಲ. ಹೊಗೆ ಹೋಗಲು ಸೂರಿನಲ್ಲೊಂದು ಕಿಂಡಿ, ಜನ ಹೋಗಿ ಬರಲು ಒಂದು ಬಾಗಿಲು, ಅಷ್ಟೆ.

ಆ ಬಾಗಿಲುಗಳಿಗೊಂದು ನೇಮವಿತ್ತು. ಮನೆಯೊಳಗಿನವರು ಯಾರಾದರೂ ತಪ್ಪು ಮಾಡಿ ಬಚ್ಚಿಟ್ಟರೆ ಬಾಗಿಲು ಕುಗ್ಗುತ್ತಿತ್ತು. ಮರ ಸವೆಯುತ್ತಿರಲಿಲ್ಲ, ಗೋಡೆ ಬಿರಿಯುತ್ತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಬಾಗಿಲವಾಡದ ಮೇಲಿನ ಅಡ್ಡಮರ ಒಂದಿಷ್ಟು ಕೆಳಗಿಳಿದಿರುತ್ತಿತ್ತು, ಪಕ್ಕದ ಕಂಬಗಳು ಒಂದಿಷ್ಟು ಹತ್ತಿರ ಸರಿದಿರುತ್ತಿದ್ದವು. ತಪ್ಪು ಮಾಡಿದವರು ಹೊಸ್ತಿಲ ಬಳಿ ನಿಂತು, ಯಾರಿಗೆ ತಪ್ಪು ಮಾಡಿದ್ದರೋ ಅವರ ಮುಖ ನೋಡಿ, ಮಾಡಿದ್ದನ್ನು ಮಾಡಿದ ಹಾಗೆಯೇ ಹೇಳಬೇಕು. ಹೇಳಿದ ಕೂಡಲೇ ಬಾಗಿಲು ಎದ್ದು ನಿಲ್ಲುತ್ತಿತ್ತು. ಉಳಿ, ಹಾರೆ, ಕೊಡಲಿ, ಬೇರೆ ಯಾವುದಕ್ಕೂ ಅದು ಜಗ್ಗುತ್ತಿರಲಿಲ್ಲ.

ಬಹಳ ಜನ ಅಂಗಳ ಗುಡಿಸುವಷ್ಟೇ ಸಲೀಸಾಗಿ ದಿನವೂ ಹೊಸ್ತಿಲಲ್ಲಿ ನಿಂತು ಹೇಳಿಕೊಳ್ಳುತ್ತಿದ್ದರು. ಕೆಲವರು ಹೇಳುತ್ತಿರಲಿಲ್ಲ, ಬಗ್ಗಿ ಓಡಾಡುತ್ತಿದ್ದರು. ಒಬ್ಬರ ಬಾಗಿಲನ್ನು ಇನ್ನೊಬ್ಬರು ದಿಟ್ಟಿಸಿ ನೋಡಬಾರದು ಎಂಬುದು ಆ ಊರಿನ ಮರ್ಯಾದೆ.

ಆ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಒಬ್ಬಳಿದ್ದಳು. ಮೊಣಕೈವರೆಗೂ ನೀಲಿ ಹತ್ತಿದ ಕೈಗಳು. ಊರೆಲ್ಲ ಅವಳನ್ನು ಬಣ್ಣದಕ್ಕ ಎಂದು ಕರೆಯುತ್ತಿತ್ತು. ಅವಳ ಜೊತೆ ಅವಳ ತಂಗಿ ಇದ್ದಳು. ಅಕ್ಕ ಬಣ್ಣ ಹಾಕಿದ ನೂಲನ್ನು ತಂಗಿ ಮಗ್ಗದಲ್ಲಿ ನೇಯುತ್ತಿದ್ದಳು. ತಂಗಿಗೆ ಮದುವೆಯಾಗಿತ್ತು. ಗಂಡ ನದಿ ಸಮುದ್ರ ಸೇರುವಲ್ಲಿ ದೋಣಿಗಳಿಗೆ ದಾರಿ ತೋರಿಸುವ ದೀಪ ಕಾಯುವವನು. ಮದುವೆಯ ನಂತರ ಸಿಕ್ಕ ಕೆಲಸ ಅದು, ಒಂದು ಸಂಜೆಯೂ ಆ ದೀಪವನ್ನು ಬಿಟ್ಟು ಬರುವ ಹಾಗಿರಲಿಲ್ಲ. ಮದುವೆಯಾದ ತಿಂಗಳಲ್ಲೇ ತಂಗಿಗೆ ಜ್ವರ ಬಂದು ಒಂದು ಕಾಲು ಸೋತಿತ್ತು. "ಅಲ್ಲಿ ತಲೆ ಮೇಲೊಂದು ಸೂರು ಮಾಡ್ಕೊಂಡು ಹೇಳಿ ಕಳಿಸ್ತೀನಿ, ಬಾ" ಎಂದು ಹೇಳಿ ಅವನು ಹೋಗಿದ್ದ. ತಂಗಿ ಮಗ್ಗದ ಮುಂದೆ ಕೂತು ಆ ಕರೆಗಾಗಿ ಕಾಯುತ್ತಿದ್ದಳು.

ಸಮುದ್ರದ ಕಡೆಯ ದೋಣಿ ವರ್ಷಕ್ಕೊಮ್ಮೆ, ನದಿ ಶಾಂತವಾದಾಗ ಬರುತ್ತಿತ್ತು. ಬೆಳಗ್ಗೆ ಬಂದು ಹೊತ್ತು ಇಳಿಯುವ ಮೊದಲು ಹೊರಟುಬಿಡುತ್ತಿತ್ತು. ಸೋತ ಕಾಲಿನಲ್ಲಿ ತಂಗಿ ನದಿದಡದ ಮೆಟ್ಟಿಲಿಳಿಯಲಾರಳು. ಅಕ್ಕ ನೂಲು ಜಾಲಿಸಲು ಹೇಗಿದ್ದರೂ ಅಲ್ಲಿಗೆ ಹೋಗುತ್ತಿದ್ದಳು.

ಮೊದಲನೆಯ ವರ್ಷ ಅಂಬಿಗ ಅವಳನ್ನು ನೋಡಿ ಹುಟ್ಟು ಕೆಳಗಿಟ್ಟ. "ಬಣ್ಣದಕ್ಕಾ, ನಿನ್ನ ತಂಗಿ ಗಂಡ ಹೇಳಿ ಕಳಿಸಿದಾನೆ. ಮನೆ ಆಗಿದೆಯಂತೆ. ಅವಳನ್ನ ಕರ್ಕೊಂಡು ಬಾ ಅಂದ."

ತಾಯಿ ತೀರಿಕೊಂಡ ಹೊಸತರಲ್ಲಿ, ಬೇರೆಯವರ ಮನೆಯಲ್ಲಿದ್ದ ತಂಗಿಯನ್ನು ತನ್ನ ಬಳಿ ಕರೆತರುವವರೆಗೆ, ಬಣ್ಣದಕ್ಕ ಕೆಲಕಾಲ ತಮ್ಮ ಮನೆಯಲ್ಲಿ ಒಬ್ಬಳೇ ಇದ್ದಳು. ಒಲೆಯ ಬೆಂಕಿ ಬಿಟ್ಟರೆ ಬೇರೆ ಸದ್ದಿಲ್ಲದ ಮನೆ. ಅದು ನೆನಪಾಯಿತು. ಸಾಲದ್ದಕ್ಕೆ, ಊರಿನ ಶಿಲುಬೆಯ ದೇವಾಲಯದ ಬಲಿಪೀಠಕ್ಕೆ ಹಾಸುವ ಬಟ್ಟೆ ಆಗಷ್ಟೇ ಮಗ್ಗಕ್ಕೆ ಏರಿತ್ತು. ಇದು ದೇವರ ಕೆಲಸ, ಅರ್ಧಕ್ಕೆ ಬಿಡಬಾರದು ಎಂದುಕೊಂಡಳು. ಹಾಗೆ ಅಂದುಕೊಂಡ ಕೂಡಲೇ ಮನಸ್ಸಿಗೆ ಹಾಯೆನಿಸಿತು.

"ಅವಳ ಕಾಲು ಇನ್ನೂ ನೆಟ್ಟಗಾಗಿಲ್ಲ. ಬರೋ ವರ್ಷ ಬರ್ತಾಳೆ ಅಂತ ಹೇಳು" ಎಂದಳು.

ಮನೆಗೆ ಬಂದಾಗ ತಂಗಿ ಲಾಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದಳು, "ಅಕ್ಕಾ, ಸುದ್ದಿ ಬಂತಾ?"

"ಏನೂ ಸುದ್ದಿ ಇಲ್ಲ ಕಣೇ."

ಬೆಳಗ್ಗೆ ನೂಲಿನ ಬುಟ್ಟಿ ಎತ್ತಿಕೊಂಡು ಹೊರಟವಳ ಹಣೆ ಅಡ್ಡಮರಕ್ಕೆ ಬಡಿಯಿತು. ಕಣ್ಣು ಕತ್ತಲಿಟ್ಟಿತು. ಹಣೆಗೆ ಅರಿಶಿನ ಮೆತ್ತಿಕೊಂಡು, ಬಟ್ಟೆ ಮುಗಿಯಲಿ, ಆಮೇಲೆ ಹೇಳಿಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು. ಬಟ್ಟೆ ಮುಗಿಯಿತು. ದೋಣಿ ಹೇಗೂ ಹೋಗಿದೆ, ಈಗ ಹೇಳಿ ಅವಳ ಹೊಟ್ಟೆ ಉರಿಸುವುದು ಯಾಕೆ ಎಂದುಕೊಂಡಳು. ಹಣೆಯ ಗಾಯ ಮಾಯಿತು. ಬಗ್ಗಿ ಹೋಗುವುದು ಅವಳಿಗೆ ಅಭ್ಯಾಸವಾಯಿತು.

ಆ ಊರಿನಲ್ಲಿ ದೇವಾಲಯದ ಪಾಠ ಹೇಳುವ ಒಬ್ಬ ಮುದಿ ಉಪದೇಶಿ ಇದ್ದ. ದಿನವೂ ಮುಸ್ಸಂಜೆಗೆ ಕಂದೀಲು ಹಿಡಿದು ಬೀದಿಬೀದಿ ನಡೆಯುತ್ತಿದ್ದ. ಪೂರ್ತಿ ನಿಂತ ಬಾಗಿಲುಗಳ ಮುಂದೆ "ಸಮಾಧಾನವಾಗಲಿ" ಎನ್ನುತ್ತಿದ್ದ. ಕುಗ್ಗಿದ ಬಾಗಿಲುಗಳ ಮುಂದೆ ನಿಂತು ತಟ್ಟುತ್ತಿದ್ದ. ತಟ್ಟಿ, "ಇವತ್ತು ಬಾಗಿಲಿದೆ" ಎನ್ನುತ್ತಿದ್ದ. ಅಷ್ಟು ಹೇಳಿ ಮುಂದೆ ಹೋಗುತ್ತಿದ್ದ. ಈಗ ಬಣ್ಣದಕ್ಕನ ಬಾಗಿಲನ್ನೂ ತಟ್ಟತೊಡಗಿದ.

ಮೊದಮೊದಲು ಆ ತಟ್ಟುವ ಸದ್ದಿಗೆ ಅವಳು ಕೆಲಸ ಬಿಟ್ಟು ಬಾಗಿಲ ಕಡೆ ತಿರುಗುತ್ತಿದ್ದಳು. ಆಮೇಲೆ ಆ ಹೊತ್ತಿಗೆ ಸರಿಯಾಗಿ ಅವಳು ಒಲೆ ಊದುತ್ತಿದ್ದಳು. ಅದೂ ಅಭ್ಯಾಸವಾಯಿತು.

ಎರಡನೆಯ ವರ್ಷ ದೋಣಿ ಬಂತು. ಅಂಬಿಗ ಕೇಳಿದ, "ಕಾಲು ಹೇಗಿದೆ ಅಕ್ಕಾ? ಅವನು ದಿನಾ ದಾರಿ ನೋಡ್ತಾನೆ."

ಈ ಸಲ ಬಟ್ಟೆಯ ನೆಪವಿರಲಿಲ್ಲ, ಕಾಲಿನ ನೆಪವೂ ಹಳತಾಗಿತ್ತು. ಮಾತು ಮಾತ್ರ ತಾನಾಗಿ ಬಂತು. "ಅವಳಿಗೆ ಬರೋ ಮನಸ್ಸಿಲ್ಲಪ್ಪ. ಏನು ಮಾಡೋದು" ಎಂದು ನಿಟ್ಟುಸಿರು ಬಿಟ್ಟಳು. ನಿಟ್ಟುಸಿರು ಎಷ್ಟು ಚೆನ್ನಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

"ಅಕ್ಕಾ, ಸುದ್ದಿ ಬಂತಾ?"

"ಏನೂ ಸುದ್ದಿ ಇಲ್ಲ ಕಣೇ."

ಬಾಗಿಲು ಸೊಂಟದವರೆಗೆ ಇಳಿಯಿತು. ತಂಗಿಗೆ ಭಯ ಹುಟ್ಟಿದ್ದು ಆಗ. ಅಕ್ಕ ತಪ್ಪು ಮಾಡಬಹುದು ಎಂಬ ಯೋಚನೆ ಅವಳ ತಲೆಗೆ ಬರಲೇ ಇಲ್ಲ. ತಾಯಿಯ ಹಾಗೆ ನೋಡಿಕೊಂಡವಳು ಅಕ್ಕ. ಒಂದು ದಿನ ತಂಗಿ ಕಾಲೆಳೆಯುತ್ತ ಬಂದು ಹೊಸ್ತಿಲ ಬಳಿ ಕೂತಳು. "ಅಕ್ಕಾ, ನನ್ನ ಮುಖ ನೋಡು. ಚಿಕ್ಕವಳಿದ್ದಾಗ ನಿನ್ನ ಪಾಲಿನ ಬೆಲ್ಲ ಕದ್ದು ತಿಂದಿದ್ದೆ. ಇಲಿ ತಿಂತು ಅಂದಿದ್ದೆ."

ಬಣ್ಣದಕ್ಕನಿಗೆ ಇದೇ ಹೊತ್ತು, ಈಗಲೇ ಹೇಳಿಬಿಡಬೇಕು ಅನಿಸಿತು. ಆದರೆ ತಂಗಿ ಕಣ್ಣರಳಿಸಿ ಉತ್ತರಕ್ಕಾಗಿ ಕಾಯುತ್ತಿದ್ದಳು. ಅಕ್ಕ ಅವಳ ತಲೆಯ ಮೇಲೆ ನೀಲಿ ಕೈ ಇಟ್ಟು, "ಕ್ಷಮಿಸಿದೆ ಕಣೇ" ಎಂದಳು.

ಇಬ್ಬರೂ ಬಾಗಿಲು ನೋಡಿದರು. ಅದು ಏಳಲಿಲ್ಲ.

ಅಂದಿನಿಂದ ತಂಗಿ ತನ್ನ ಬದುಕನ್ನೆಲ್ಲ ಜಾಲಾಡತೊಡಗಿದಳು. ಒಂದು ದಿನ ಮುರಿದ ಬಾಚಣಿಗೆ, ಇನ್ನೊಂದು ದಿನ ಮನಸ್ಸಿನಲ್ಲೇ ಬೈದ ಒಂದು ಬೈಗುಳ, ಮತ್ತೊಂದು ದಿನ ಪ್ರಾರ್ಥನೆಯ ಹೊತ್ತಿನಲ್ಲಿ ತೂಕಡಿಸಿದ್ದು. ಹೊಸ್ತಿಲ ಬಳಿ ಕೂತು ಹೇಳುತ್ತಿದ್ದಳು, ಅಳುತ್ತಿದ್ದಳು. "ಕ್ಷಮಿಸಿದೆ" ಎನ್ನುತ್ತಿದ್ದಳು ಅಕ್ಕ. ಬೆಳಗ್ಗೆ ಎದ್ದರೆ ಬಾಗಿಲು ಇನ್ನಷ್ಟು ಇಳಿದಿರುತ್ತಿತ್ತು. "ನನ್ನಲ್ಲಿ ಇನ್ನೇನಿದೆ ಅಕ್ಕಾ? ನನಗೆ ಯಾಕೆ ಕಾಣ್ತಿಲ್ಲ?" ಎಂದು ತಂಗಿ ಕೇಳುತ್ತಿದ್ದಳು. ಅಕ್ಕ ಅವಳಿಗೆ ಗಂಜಿ ಕುಡಿಸಿ, ಹೊದಿಸಿ ಮಲಗಿಸುತ್ತಿದ್ದಳು. ಆ ದಿನಗಳಲ್ಲಿ ಅಕ್ಕ ತಂಗಿಯನ್ನು ಎಷ್ಟು ಪ್ರೀತಿಯಿಂದ ನೋಡಿಕೊಂಡಳೆಂದರೆ, ತಾನು ಒಳ್ಳೆಯವಳೇ ಇರಬೇಕು ಎಂದು ಅವಳಿಗೇ ಅನಿಸುತ್ತಿತ್ತು.

ಬಾಗಿಲು ಮೊಣಕಾಲಿನ ಎತ್ತರಕ್ಕೆ ಇಳಿಯಿತು. ಅಕ್ಕ ಗೋಣಿ ಹಾಸಿ ತೆವಳಿ ಹೋಗಿ ಬರುತ್ತಿದ್ದಳು. ತಂಗಿಗೆ ಸೋತ ಕಾಲನ್ನೆಳೆದುಕೊಂಡು ತೆವಳಲಾಗದೆ ಹೊರಗಿನ ಬೆಳಕು ತಪ್ಪಿಹೋಯಿತು. ನೇಯ್ದ ಬಟ್ಟೆಯನ್ನು ಸುರುಳಿ ಸುತ್ತಿ ಹೊರಗೆ ತಳ್ಳುತ್ತಿದ್ದಳು. ಬಟ್ಟೆ ಕೊಳ್ಳಲು ಬಂದವರು ಬೇರೆ ಕಡೆ ಮುಖ ಮಾಡಿ ನಿಂತು, "ಪಾಪ, ಆ ಕುಂಟಿ ಏನು ಮಾಡಿದ್ದಾಳೋ" ಎಂದು ಪಿಸುಗುಟ್ಟುತ್ತಿದ್ದರು. ಬಣ್ಣದಕ್ಕ ಅದನ್ನು ಕೇಳಿಸಿಕೊಂಡಳು. ಅಲ್ಲ ಅನ್ನಲಿಲ್ಲ.

ಒಂದು ಮುಸ್ಸಂಜೆ ಉಪದೇಶಿ ತಟ್ಟಿದಾಗ ಅವಳು ಒಲೆ ಊದಲಿಲ್ಲ. ಬಾಗಿಲಿನ ಬಳಿ ನೆಲಕ್ಕೆ ಮುಖ ತಂದು ಕೇಳಿದಳು, "ಉಪದೇಶಿಗಳೇ, ಇದು ಇನ್ನೆಷ್ಟು ದಿನ ಬಾಗಿಲಾಗಿರುತ್ತೆ?"

ಮುದುಕ ಕಂದೀಲು ಕೆಳಗಿಟ್ಟು ಬೀದಿಯ ಧೂಳಿನಲ್ಲೇ ಕೂತ. "ಅದನ್ನ ನನಗೆ ಯಾರೂ ಹೇಳಿಲ್ಲ ತಾಯಿ. ಇವತ್ತು ಬಾಗಿಲಿದೆ. ಅಷ್ಟೇ ನನಗೆ ಗೊತ್ತು."

"ಎತ್ತೋಕೆ ನನಗೆ ಶಕ್ತಿ ಇಲ್ಲ."

"ಎತ್ತಬೇಕು ಅಂತ ನಿಮಗೆ ಯಾರು ಹೇಳಿದ್ರು? ನೀವು ಬಾಯಿ ಬಿಟ್ಟು ಹೇಳಬೇಕು ಅಷ್ಟೆ. ಎತ್ತೋನು ಬೇರೆ ಇದ್ದಾನೆ. ಅವನ ಕೈಯಲ್ಲಿ ಮೊಳೆ ಹೊಡೆದ ಗುರುತಿದೆ. ನಿಮ್ಮಲ್ಲಿ ಯಾರ ತಪ್ಪು ಅಂತ ನನಗೆ ಗೊತ್ತಿಲ್ಲ, ಅವನಿಗೆ ಗೊತ್ತು. ಗೊತ್ತಿದ್ದೂ ಅವನು ಈ ಬೀದಿ ಬಿಟ್ಟು ಹೋಗಿಲ್ಲ."

ಬಣ್ಣದಕ್ಕನ ಬಾಯಿಗೆ ಮಾತು ಬಂದಿತ್ತು. ನಾಳೆ ಎಂದುಕೊಂಡಳು. ನಾಳೆ ಎಂದ ಕೂಡಲೇ ಮತ್ತೆ ಮನಸ್ಸಿಗೆ ಹಾಯೆನಿಸಿತು. ಆ ಹಾಯಿಗೆ ಅವಳು ಬಹಳ ದಿನಗಳಿಂದ ಒಗ್ಗಿಹೋಗಿದ್ದಳು.

ಮೂರನೆಯ ವರ್ಷ ದೋಣಿ ಬಂತು. ಅಂಬಿಗ ಅವಳ ಕಡೆ ನೋಡದೆ ಹಗ್ಗ ಕಟ್ಟುತ್ತ ಹೇಳಿದ, "ಇದು ಕಡೇ ಸಲವಂತೆ ಅಕ್ಕಾ. ಈ ಸಲವೂ ಬರದಿದ್ರೆ ಇನ್ನು ಕೇಳಲ್ಲ ಅಂದ. ಅವಳ ಮೇಲೆ ಕೋಪ ಇಲ್ಲ, ಆದ್ರೆ ಇನ್ನು ದಾರಿ ನೋಡೋಕೆ ಆಗಲ್ಲ ಅಂದ. ಏನು ಹೇಳಲಿ?"

ಬಣ್ಣದಕ್ಕ ಒದ್ದೆ ನೂಲನ್ನು ಬುಟ್ಟಿಗೆ ತುಂಬಿಕೊಂಡು ಮೆಟ್ಟಿಲು ಹತ್ತಿದಳು. ಈ ಸಲ ಹೇಳಿಬಿಡುತ್ತೇನೆ ಎಂದುಕೊಂಡಳು. ಹಾಗೆ ಎಷ್ಟು ಸಲ ಅಂದುಕೊಂಡಿದ್ದಳೆಂದರೆ ಆ ಮಾತಿನ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ.

ಅರ್ಧ ದಾರಿಯಲ್ಲಿ ಸುಸ್ತಾಗಿ ಒಂದು ಗೋಡೆಗೆ ಒರಗಿದಳು. ಒಳಗಿನಿಂದ ಯಾರೋ ಗುನುಗುವುದು ಕೇಳಿಸಿತು. ಅದು ಗಾಣದ ಯಜಮಾನನ ಮನೆ. ತಮ್ಮನ ಪಾಲನ್ನು ನುಂಗಿ ಕೂತವನು ಅವನು. ಬಾಗಿಲು ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ಬಾಗಿಲಿದ್ದ ಜಾಗದಲ್ಲಿ ನುಣ್ಣನೆಯ ಗೋಡೆ. ಆಳುಗಳು ಸೂರಿನ ಕಿಂಡಿಯಿಂದ ಬುಟ್ಟಿಯಲ್ಲಿ ಊಟ ಇಳಿಬಿಡುತ್ತಿದ್ದರು. ಮುಚ್ಚಿಹೋದ ಹೊಸತರಲ್ಲಿ ಅವನು ಗೋಡೆ ಗುದ್ದಿ ಕೂಗುತ್ತಿದ್ದುದನ್ನು ಅವಳೂ ಕೇಳಿದ್ದಳು.

ಅವಳು ಗೋಡೆಗೆ ಬಾಯಿ ಹಚ್ಚಿ ಕರೆದಳು, "ಯಜಮಾನರೇ, ಹೇಗಿದ್ದೀರಿ?"

"ಚೆನ್ನಾಗಿದ್ದೀನಮ್ಮ. ನನಗೇನಾಗಿದೆ?" ದನಿ ನಿಜಕ್ಕೂ ಹಗುರಾಗಿತ್ತು.

"ಬಾಗಿಲು ಮುಚ್ಚಿಹೋಯ್ತಲ್ಲ, ಕಷ್ಟ ಆಗಲ್ವಾ?"

ಒಳಗೆ ಅವನು ನಕ್ಕ. "ಬಾಗಿಲಾ? ಯಾವ ಬಾಗಿಲು?"

"ಆಚೆ ಬರೋ ಬಾಗಿಲು."

"ಆಚೆ ಅಂದ್ರೆ ಏನಮ್ಮ?" ಎಂದು ಕೇಳಿ ಅವನು ಮತ್ತೆ ಗುನುಗತೊಡಗಿದ.

ಅವನು ಅತ್ತಿದ್ದರೆ ಅವಳಿಗೆ ಇಷ್ಟು ಭಯವಾಗುತ್ತಿರಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಅವಳು ಓಡಿದಳು.

ಮನೆಯ ಬಾಗಿಲು ಇನ್ನಷ್ಟು ಇಳಿದಿತ್ತು. ಹೊಟ್ಟೆಯನ್ನು ನೆಲಕ್ಕೊತ್ತಿ, ಭುಜ ತರಚಿಕೊಂಡು ಒಳಗೆ ತೆವಳಿದಳು. ತಂಗಿ ಮಗ್ಗ ಬಿಟ್ಟು ಹೊಸ್ತಿಲ ಪಕ್ಕದಲ್ಲೇ ಕೂತಿದ್ದಳು. ಅತ್ತು ಅತ್ತು ಮುಖ ಬಾಡಿತ್ತು.

"ಅಕ್ಕಾ, ನನ್ನ ಹತ್ರ ಇನ್ನೇನೂ ಉಳಿದಿಲ್ಲ. ಎಲ್ಲಾ ಹುಡುಕಿದೆ. ಹಾಗಾಗಿ ಮಾಡದೇ ಇರೋದನ್ನೂ ಮಾಡಿದೆ ಅಂತ ಹೇಳಿಬಿಡ್ತೀನಿ. ನಿನಗೆ ಏನು ಅನ್ಯಾಯ ಮಾಡಿದೆ ಅಂತ ಹೇಳಲಿ? ನೀನೇ ಹೇಳಿಕೊಡು." ಆಮೇಲೆ, ರೂಢಿಯ ಹಾಗೆ, ಸಣ್ಣ ದನಿಯಲ್ಲಿ ಕೇಳಿದಳು, "ಸುದ್ದಿ ಬಂತಾ?"

ಅಕ್ಕ ನಿಜ ಹೇಳಲೆಂದೇ ಬಾಯಿ ತೆರೆದಳು. ಬಂತು, ಮೂರು ವರ್ಷವೂ ಬಂತು ಎಂಬ ಮಾತು ಗಂಟಲಿನವರೆಗೆ ಏರಿತು. ಬಾಯಿಂದ ಹೊರಬಂದದ್ದು ಬೇರೆ.

"ಏನೂ ಸುದ್ದಿ ಇಲ್ಲ ಕಣೇ."

ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ಅವಳು ಬೆಚ್ಚಿದಳು. ನಾಲಿಗೆ ಅವಳನ್ನು ಕೇಳದೆ ಆಡಿತ್ತು. ಅದೇ ಗಳಿಗೆಯಲ್ಲಿ, ಇಬ್ಬರ ಕಣ್ಣೆದುರಿಗೇ, ಅಡ್ಡಮರ ಜಾರಿ ಇಳಿಯಿತು. ಕಂಬಗಳು ಒಳಕ್ಕೆ ಸರಿದವು. ನೆಲದ ಮೇಲೆ ಬಿದ್ದಿದ್ದ ಬಿಸಿಲು ಒಂದು ರೊಟ್ಟಿಯಷ್ಟಾಯಿತು.

ತಂಗಿ ಆ ಬಿಸಿಲನ್ನು ನೋಡಿದಳು. ಆಮೇಲೆ ಅಕ್ಕನನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಅಕ್ಕಾ," ಎಂದಳು, "ಬಾಗಿಲು ಇಳಿದಾಗ ಮಾತಾಡಿದ್ದು ನೀನು."

ಬಣ್ಣದಕ್ಕನಿಗೆ ಆಗಲೂ ಇಲ್ಲ ಅನ್ನಬೇಕೆನಿಸಿತು. ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತಿತ್ತು. ಅದನ್ನು ಆಡಿದರೆ ತಂಗಿ ನಂಬುತ್ತಾಳೆ, ಮತ್ತೆ ಅಳುತ್ತಾಳೆ, ತಾನು ಮತ್ತೆ ಕ್ಷಮಿಸುತ್ತೇನೆ, ಇಬ್ಬರೂ ಕತ್ತಲಲ್ಲಿ ಗಂಜಿ ಕುಡಿಯುತ್ತೇವೆ, ಒಂದು ದಿನ ಯಾರಾದರೂ ಗೋಡೆಗೆ ಬಾಯಿ ಹಚ್ಚಿ ಕೇಳಿದರೆ ಚೆನ್ನಾಗಿದ್ದೇವೆ ಅನ್ನುತ್ತೇವೆ. ಅವಳಿಗೆ ಎಲ್ಲ ಕಂಡಿತು. ಅವಳು ಎರಡೂ ನೀಲಿ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ನೆಲಕ್ಕೆ ಹಣೆ ಹಚ್ಚಿದಳು.

"ಕರ್ತನೇ," ಎಂದಳು ಕೈಗಳ ಒಳಗೇ, "ನನ್ನ ನಾಲಿಗೆ ನನ್ನ ಮಾತು ಕೇಳ್ತಿಲ್ಲ. ನಾನು ಬಿಡಬೇಕು ಅಂದ್ರೂ ಇದು ನನ್ನನ್ನ ಬಿಡ್ತಿಲ್ಲ. ನೀನೇ ಹಿಡ್ಕೋ."

ಆಮೇಲೆ ಕೈ ತೆಗೆದಳು. ತಂಗಿಯ ಮುಖ ನೋಡಿದಳು. ಒಂದೊಂದೇ ಮಾತನ್ನು, ಕೆಸರಿನಿಂದ ಕಾಲು ಕೀಳುವ ಹಾಗೆ, ಹೊರಗೆ ತಂದಳು.

"ಸುದ್ದಿ ಬಂತು. ಪ್ರತಿ ವರ್ಷ ಬಂತು. ಅವನು ಕರೆದ. ನಿನಗೆ ಬರೋ ಮನಸ್ಸಿಲ್ಲ ಅಂತ ನಾನು ಹೇಳಿ ಕಳಿಸಿದೆ. ನಾನು ಒಬ್ಬಳೇ ಆಗ್ತೀನಿ ಅಂತ ಹೆದರಿ ಹೇಳಿದೆ. ನೀನು ಮಾಡದ ತಪ್ಪಿಗೆ ಅತ್ತಾಗ ಕ್ಷಮಿಸಿದೆ ಅಂದೆ. ಬೀದಿಯವರು ನಿನ್ನನ್ನ ಆಡಿಕೊಂಡಾಗ ಸುಮ್ಮನಿದ್ದೆ. ಬಾಗಿಲು ಮುಚ್ಚಿದ್ದು ನಾನು."

ಹೊರಗಿನಿಂದ ಅಡ್ಡಮರದ ಕೆಳಗೆ ಬೆರಳುಗಳು ತೂರಿಬಂದವು. ಎರಡು ಕೈಗಳು. ಅಂಗೈಗಳ ನಡುವೆ ಹಳೆಯ ಗಾಯದ ಗುರುತು. ಆ ಕೈಗಳು ಅಡ್ಡಮರವನ್ನು ಹಿಡಿದು, ಮಗುವನ್ನು ಎತ್ತುವಷ್ಟು ಮೆಲ್ಲಗೆ, ಮೇಲೆತ್ತಿದವು. ಬಿಸಿಲು ನೆಲದ ಮೇಲೆ ಹರಿದು ಮಗ್ಗವನ್ನು ಮುಟ್ಟಿತು, ಹಿಂಗೋಡೆಯನ್ನು ಮುಟ್ಟಿತು. ಅಕ್ಕ ಎದ್ದು ಹೊರಗೆ ಬಂದು ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

ತಂಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತೇ ಇದ್ದಳು. ಅಕ್ಕ ಅವಳ ಮುಂದೆ ಬೆನ್ನು ಕೊಟ್ಟು ಕುಕ್ಕರಿಸಿದಳು.

"ದೋಣಿ ಇನ್ನೂ ಹೋಗಿಲ್ಲ. ಹತ್ತು."

ತಂಗಿ ಅಕ್ಕನ ಕೊರಳಿಗೆ ಕೈ ಹಾಕಿದಳು. ಬಣ್ಣದಕ್ಕ ಅವಳನ್ನು ಹೊತ್ತು ಬೀದಿಗಿಳಿದಳು. ಜನ ಮರ್ಯಾದೆ ಮರೆತು ನೋಡಿದರು. ಅವರು ನೋಡಲಿ ಎಂದೇ ಅವಳು ನಡೆದಳು. ಮೆಟ್ಟಿಲುಗಳ ತುದಿ ತಲುಪಿದಾಗ ದೋಣಿ ದಡ ಬಿಟ್ಟಿತ್ತು. ಅವಳು ನಿಲ್ಲಲಿಲ್ಲ. ಬಟ್ಟೆ ಒಗೆಯುವವರ ನಡುವೆ ನುಗ್ಗಿ, ತಂಗಿಯನ್ನು ಹೊತ್ತೇ ನೀರಿಗಿಳಿದಳು. ಸೊಂಟದವರೆಗೆ, ಎದೆಯವರೆಗೆ.

"ಅಂಬಿಗಾ, ತಿರುಗಿಸು. ನಾನು ಹೇಳಿದ್ದೆಲ್ಲ ಸುಳ್ಳು. ಇವಳಿಗೆ ಒಂದು ಸಲವೂ ಕರೆ ಮುಟ್ಟಿಲ್ಲ. ನಾನು ಮುಟ್ಟಿಸಲಿಲ್ಲ."

ಒಗೆಯುವವರ ಕೈಗಳು ನಿಂತವು. ದಡ ಪೂರ್ತಿ ಕೇಳಿಸಿಕೊಂಡಿತು. ಅಂಬಿಗ ಹುಟ್ಟು ಅಡ್ಡ ಹಾಕಿ ದೋಣಿ ತಿರುಗಿಸಿದ. ತಂಗಿಯನ್ನು ಎತ್ತಿ ಒಳಗೆ ಕೂರಿಸಿಕೊಂಡ.

ದೋಣಿಯ ಅಂಚು ಹಿಡಿದು ನೀರಿನಲ್ಲಿ ನಿಂತಿದ್ದ ಅಕ್ಕನನ್ನು ತಂಗಿ ನೋಡಿದಳು. "ಅವರ ಕರೆ ಬಚ್ಚಿಟ್ಟಿದ್ದನ್ನ ನಾನು ಹೇಗೋ ನುಂಗಿಕೊಳ್ತೀನಿ. ನನ್ನ ಬಾಯಿಂದ ತಪ್ಪು ಹೇಳಿಸಿ, ತಲೆ ಮೇಲೆ ಕೈಯಿಟ್ಟು ಕ್ಷಮಿಸಿದೆ ಅಂದೆಯಲ್ಲ, ಅದು ಇಳೀತಿಲ್ಲ."

"ಹೌದು" ಎಂದಳು ಅಕ್ಕ. ಬೇರೆ ಏನನ್ನೂ ಸೇರಿಸಲಿಲ್ಲ.

"ಈಗ ನನ್ನ ಏನೂ ಕೇಳಬೇಡ."

ದೋಣಿ ಹೋಯಿತು.

ಬಣ್ಣದಕ್ಕ ಮನೆಗೆ ಬಂದಳು. ಪೂರ್ತಿ ಎತ್ತರದ ಬಾಗಿಲಿನಿಂದ ಒಳಗೆ ಬಂದಳು. ತಾನು ಇಷ್ಟು ವರ್ಷ ಹೆದರಿದ್ದ ಮೌನ ಅಲ್ಲಿ ಕೂತು ಅವಳಿಗಾಗಿ ಕಾಯುತ್ತಿತ್ತು. ಅವಳು ಒಲೆ ಹಚ್ಚಿದಳು. ಬೇಯಿಸಿದಳು, ಉಂಡಳು. ಎಷ್ಟೋ ಸಂಜೆ ಎದೆ ಹಿಂಡಿತು. ಆದರೆ ಉಸಿರಾಡಲು ಗಾಳಿಯಿತ್ತು. ವರ್ಷವಿಡೀ ಅವಳು ತಂಗಿ ಬಿಟ್ಟುಹೋದ ಮಗ್ಗದಲ್ಲಿ ನೇಯುವುದನ್ನು ಕಲಿತಳು. ಅಡ್ಡಾದಿಡ್ಡಿ ನೇಯ್ದಳು, ಬಿಚ್ಚಿ ಮತ್ತೆ ನೇಯ್ದಳು. ಬೀದಿಯಲ್ಲಿ ಯಾರಾದರೂ ತಂಗಿಯ ಮಾತೆತ್ತಿದರೆ, "ಅವಳದ್ದೇನೂ ಇರಲಿಲ್ಲ, ತಪ್ಪು ನನ್ನದು" ಎಂದು ನಿಂತು ಹೇಳಿ ಮುಂದೆ ಹೋಗುತ್ತಿದ್ದಳು.

ಮತ್ತೆ ನದಿ ಶಾಂತವಾಯಿತು. ದೋಣಿ ಬಂತು. ಬಣ್ಣದಕ್ಕ ಮನೆಯ ಬಾಗಿಲೆಳೆದುಕೊಂಡು ಇಳಿದು ಹೋಗಿ ದೋಣಿಯಲ್ಲಿ ಕೂತಳು. ಅಂಬಿಗ ಕೇಳಿದ, "ಕರೆದಿದ್ದಾಳಾ?"

"ಇಲ್ಲ. ನಾನೇ ಹೋಗ್ತಿದೀನಿ."

ಸಮುದ್ರದ ಬಳಿಯ ಊರಿನಲ್ಲಿ ಬಾಗಿಲುಗಳಿಗೆ ಯಾವ ನೇಮವೂ ಇಲ್ಲ. ಒಳಗಿನವರು ಏನೇ ಮಾಡಲಿ, ಬಾಗಿಲು ಕಟ್ಟಿದಷ್ಟೇ ಎತ್ತರ. ಅಲ್ಲಿ ಬಾಯಿ ಮುಚ್ಚಿಕೊಂಡು ಬದುಕಲು ಯಾರ ಅಡ್ಡಿಯೂ ಇಲ್ಲ. ದೀಪದ ಕಂಬದ ಬುಡದಲ್ಲಿ ಒಂದು ಚಿಕ್ಕ ಮನೆ. ಬಣ್ಣದಕ್ಕ ಬಾಗಿಲು ತಟ್ಟಿದಳು. ತಂಗಿ ಬಂದು ತೆರೆದಳು. ಕೈಯಲ್ಲಿ ಹಿಟ್ಟು ಮೆತ್ತಿತ್ತು. ಅಕ್ಕನನ್ನು ಕಂಡು ಬಾಗಿಲ ಕಂಬ ಹಿಡಿದುಕೊಂಡಳು.

ಅಕ್ಕ ಒಳಗೆ ಕಾಲಿಡಲಿಲ್ಲ. ತಂಗಿಯ ಮುಖ ನೋಡಿ, ಮಾಡಿದ್ದನ್ನೆಲ್ಲ ಮಾಡಿದ ಹಾಗೆಯೇ ಮತ್ತೊಮ್ಮೆ ಹೇಳಿದಳು. ಈ ಸಲ ನಾಲಿಗೆ ತಡವರಿಸಲಿಲ್ಲ. ಕೊನೆಗೆ, "ಕ್ಷಮಿಸಿದೆ ಅನ್ನೋ ಮಾತನ್ನ ಅಷ್ಟು ಸಲ ನಿನಗೆ ಸುಳ್ಳಾಗಿ ಹೇಳಿದೆ. ಅದನ್ನ ನಿಜವಾಗಿ ನಿನ್ನ ಹತ್ರ ಕೇಳೋಕೆ ಬಂದೆ" ಎಂದಳು.

ತಂಗಿ ಸಮುದ್ರದ ಕಡೆ ಮುಖ ತಿರುಗಿಸಿದಳು. ಕೈಯ ಹಿಟ್ಟು ಒಣಗಿ ಬಿರಿಯತೊಡಗಿತು. ಹೊತ್ತು ಇಳಿಯಿತು. ಅವಳ ತುಟಿ ಎರಡು ಸಲ ತೆರೆದು ಮುಚ್ಚಿತು. ಅಕ್ಕನಿಗೆ ನೀರಿನಂತೆ ಸಲೀಸಾಗಿ ಬರುತ್ತಿದ್ದ ಆ ಒಂದು ಮಾತಿಗಾಗಿ ತಂಗಿ ತನ್ನೊಳಗೆ ಎಲ್ಲೋ ಆಳಕ್ಕೆ ಇಳಿಯುತ್ತಿದ್ದಳು, ಇಳಿದು ಅದನ್ನು ಹೊತ್ತು ಮೇಲೆ ಬರುತ್ತಿದ್ದಳು. ಅಕ್ಕ ಅವಸರಪಡಿಸಲಿಲ್ಲ. ಹೊಸ್ತಿಲಾಚೆ ಉಪ್ಪುಗಾಳಿಯಲ್ಲಿ ನಿಂತು ಕಾದಳು.

"ಕ್ಷಮಿಸಿದೆ ಅಕ್ಕಾ," ಎಂದಳು ತಂಗಿ ಕಡೆಗೆ, ಒಡೆದ ದನಿಯಲ್ಲಿ. "ಒಳಗೆ ಬಾ. ಅವರು ದೀಪ ಹಚ್ಚಿ ಬರೋ ಹೊತ್ತಾಯ್ತು."